ಪ್ಯಾಥಾಲಜಿ ಅನುಭವಕ್ಕೆ ಅಮೆರಿಕಕ್ಕೆ ಹೋಗಬೇಕು, ಹೋಗಿ ಬಂದವರು ಸ್ವಲ್ಪ ಹೇಳಿ

ಕೇಳಿದವರು, ಶಿವಮೊಗ್ಗ

ಎಂ.ಡಿ. ಪ್ಯಾಥಾಲಜಿ ಮುಗಿಸಿ ಊರಲ್ಲೇ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಅಮೆರಿಕದಲ್ಲಿ ವೈದ್ಯರಾಗಲು ಬರೆಯುವ ಯುಎಸ್‌ಎಂಎಲ್‌ಇ ಪರೀಕ್ಷೆಯ ಸ್ಟೆಪ್ 1 ಪಾಸಾಗಿದೆ, ಸ್ಟೆಪ್ 2ಕ್ಕೆ ಓದು ನಡೆದಿದೆ. ರೆಸಿಡೆನ್ಸಿಗೆ, ಅಂದರೆ ಅಲ್ಲಿಯ ತಜ್ಞ ತರಬೇತಿಗೆ, ಅರ್ಜಿ ಹಾಕುವ ಮೊದಲು ಅಲ್ಲಿಯ ಆಸ್ಪತ್ರೆಯಲ್ಲಿ ಸ್ವಲ್ಪ ದಿನ ಇದ್ದು ಬಂದಿರಬೇಕು ಅಂತಾರಲ್ಲ, ಅದು ಪ್ಯಾಥಾಲಜಿಗೂ ಬೇಕಾ? ಒಬ್ಬ ಏಜೆಂಟ್, ದುಡ್ಡು ಕೊಟ್ಟರೆ ಮೆಡಿಸಿನ್ ಕ್ಲಿನಿಕ್ ಒಂದಕ್ಕೆ ಸೇರಿಸುತ್ತೇನೆ, ರೋಗಿಗಳನ್ನು ನೀವೇ ನೋಡಬಹುದು ಎನ್ನುತ್ತಿದ್ದಾನೆ. ಈ ಸಲದ ಅಡಿಕೆ ದುಡ್ಡಲ್ಲಿ ಒಂದು ಭಾಗ ಕೊಡಲು ಅಪ್ಪ ಒಪ್ಪಿದ್ದಾರೆ. ಅದಕ್ಕೇ ಹೆದರಿಕೆ.

ತೀರ್ಥಹಳ್ಳಿ ಕಡೆಯವರು, ಈಗ ಅಮೆರಿಕದಲ್ಲಿ ರೆಸಿಡೆಂಟ್

ಮೊದಲು ಆ ಏಜೆಂಟನ್ನು ಬಿಡಿ ಮಾರಾಯ್ರೆ. ಮೆಡಿಸಿನ್ ಕ್ಲಿನಿಕ್‌ನಿಂದ ತಂದ ಶಿಫಾರಸು ಪತ್ರ ನೋಡಿದರೆ ಪ್ಯಾಥಾಲಜಿಯವರಿಗೆ ಅನುಮಾನವೇ ಬರುತ್ತದೆ, ಇವರಿಗೆ ನಿಜವಾಗಿ ನಮ್ಮ ವಿಷಯ ಬೇಕಾ ಅಥವಾ ಬೇರೆಲ್ಲೂ ಸಿಗದೆ ಇಲ್ಲಿಗೆ ಬಂದರಾ ಅಂತ. ನಿಮಗೆ ಬೇಕಾಗಿರುವುದು ಪ್ಯಾಥಾಲಜಿ ವಿಭಾಗದ ಅಬ್ಸರ್ವರ್‌ಶಿಪ್, ಅಂದರೆ ಪಕ್ಕದಲ್ಲಿದ್ದು ನೋಡಿ ಕಲಿಯುವುದು. ರಿಪೋರ್ಟ್ ಬರೆಯುವ ಹಾಗಿಲ್ಲ, ಹೆಚ್ಚಿನ ಕಡೆ ಗ್ರಾಸಿಂಗ್‌ಗೂ (ಬಂದ ಅಂಗಾಂಶವನ್ನು ನೋಡಿ ತುಂಡು ಮಾಡುವುದು) ಕೈ ಹಾಕುವ ಹಾಗಿಲ್ಲ. ಎಂ.ಡಿ. ಮಾಡಿ ಸ್ವಂತ ಸಹಿ ಹಾಕಿದವರಿಗೆ ಇದು ಸ್ವಲ್ಪ ಕಸಿವಿಸಿ. ಆದರೆ ನಮ್ಮ ಕೆಲಸದಲ್ಲಿ ನೋಡುವುದೇ ಮುಕ್ಕಾಲು ಭಾಗ ಅಲ್ವಾ? ಹಲವರು ಒಟ್ಟಿಗೆ ನೋಡಬಹುದಾದ ಮಲ್ಟಿಹೆಡ್ ಮೈಕ್ರೋಸ್ಕೋಪ್ ಸುತ್ತ ಸೈನ್‌ಔಟ್‌ಗೆ, ಅಂದರೆ ರಿಪೋರ್ಟ್ ಅಂತಿಮ ಮಾಡಲು, ಕೂರುತ್ತಾರೆ, ಹಿರಿಯರು ಸ್ಲೈಡ್ ಇಟ್ಟು ಏನನ್ನಿಸುತ್ತದೆ ಅಂತ ಕೇಳುತ್ತಾರೆ. ಆಗ ಬಾಯಿ ಬಿಡಬೇಕು. ಉತ್ತರ ತಪ್ಪಾದರೂ ಪರವಾಗಿಲ್ಲ, ಯಾಕೆ ಹಾಗನ್ನಿಸಿತು ಅಂತ ಹೇಳಬೇಕು. ನಮ್ಮ ಕಡೆ ಹಿರಿಯರ ಮುಂದೆ ಸುಮ್ನೆ ಕೂರುವುದು ಮರ್ಯಾದೆ. ಅಲ್ಲಿ ಸುಮ್ಮನೆ ಕೂತು ಬಂದವರ ಬಗ್ಗೆ ಪತ್ರದಲ್ಲಿ ಬರೆಯಲು ಅವರಿಗೆ ಏನೂ ಇರುವುದಿಲ್ಲ.

ಹಾಗಾಗಿ ದೊಡ್ಡ ಹೆಸರಿನ ಆಸ್ಪತ್ರೆಯೇ ಬೇಕು ಅಂತ ಹಠ ಬೇಡ. ಅಂಥ ಕಡೆ ದಿನಕ್ಕೊಬ್ಬರ ಪಕ್ಕ ಕೂರಿಸಿ ಕಳಿಸುವುದೂ ಉಂಟು, ಹೊರಡುವಾಗ ಯಾರಿಗೂ ನಿಮ್ಮ ಮುಖ ನೆನಪಿರುವುದಿಲ್ಲ. ಮಧ್ಯಮ ಗಾತ್ರದ, ಸ್ವಂತ ರೆಸಿಡೆನ್ಸಿ ಇರುವ, ನಮ್ಮಂಥ ಹೊರದೇಶದ ಕಾಲೇಜಿನವರನ್ನು ಈಗಾಗಲೇ ತೆಗೆದುಕೊಂಡಿರುವ ಜಾಗ ಹುಡುಕಿ. ಹೆಚ್ಚಿನ ವಿಭಾಗಗಳು ತಮ್ಮ ರೆಸಿಡೆಂಟ್‌ಗಳ ಪಟ್ಟಿಯನ್ನು ಕಾಲೇಜಿನ ಹೆಸರಿನ ಜೊತೆ ಹಾಕಿರುತ್ತವೆ, ನೋಡಿದರೆ ಗೊತ್ತಾಗುತ್ತದೆ.

ರೆಸಿಡೆನ್ಸಿ ಅರ್ಜಿಯ ಆನ್‌ಲೈನ್ ವ್ಯವಸ್ಥೆ ಇಆರ್‌ಎಎಸ್‌ನಲ್ಲಿ ಹಾಕಿದ ಅರ್ಜಿ ಆಸ್ಪತ್ರೆಗಳ ಕಣ್ಣಿಗೆ ಬೀಳುವುದು ಸೆಪ್ಟೆಂಬರ್ ಕೊನೆಗೆ. ಸಂದರ್ಶನ ಅಕ್ಟೋಬರಿನಿಂದ ಜನವರಿವರೆಗೆ, ಯಾರಿಗೆ ಯಾವ ಆಸ್ಪತ್ರೆ ಅಂತ ಹೇಳುವ ಮ್ಯಾಚ್ ಫಲಿತಾಂಶ ಮಾರ್ಚ್‌ನಲ್ಲಿ, ಕೆಲಸಕ್ಕೆ ಸೇರುವುದು ಜುಲೈಯಲ್ಲಿ. ಅಂದರೆ ಏಪ್ರಿಲ್‌ನಿಂದ ಆಗಸ್ಟ್ ಒಳಗೆ ಹೋಗಿ ಬಂದರೆ ಪತ್ರ ಬಿಸಿಬಿಸಿ ಇರುತ್ತದೆ. ಪತ್ರವನ್ನು ಬರೆದವರೇ ನೇರವಾಗಿ ಅಪ್‌ಲೋಡ್ ಮಾಡುತ್ತಾರೆ, ಒಂದು ಪ್ರೋಗ್ರಾಮಿಗೆ ಹೆಚ್ಚೆಂದರೆ 4 ಪತ್ರ. ಹೊರಡುವ ಮೊದಲೇ ಸಂಕೋಚ ಬಿಟ್ಟು ಕೇಳಿ. ಊರಿಗೆ ಬಂದು ಇಮೇಲ್‌ನಲ್ಲಿ ಕೇಳಿದರೆ ಎಳೆದಾಡುತ್ತದೆ.

ಇನ್ನೊಂದು ವಿಷಯ ನಮ್ಮವರು ಮರೆಯುವುದು ಜಾಸ್ತಿ. ಅಲ್ಲಿ ಹೆಚ್ಚಿನವರು ಮಾಡುವ ರೆಸಿಡೆನ್ಸಿ ಅನಾಟಮಿಕ್ (ಅಂಗಾಂಶ), ಕ್ಲಿನಿಕಲ್ (ರಕ್ತ ಮುಂತಾದ ಲ್ಯಾಬ್ ಪರೀಕ್ಷೆ) ಎರಡೂ ಸೇರಿ 4 ವರ್ಷದ್ದು. ನಮ್ಮ ಕಾಲೇಜುಗಳಲ್ಲಿ ಮೈಕ್ರೋಬಯಾಲಜಿ, ಬಯೋಕೆಮಿಸ್ಟ್ರಿ ಬೇರೆ ಬೇರೆ ವಿಭಾಗ. ಅಲ್ಲಿ ಅವೂ ಬ್ಲಡ್ ಬ್ಯಾಂಕೂ ನಮ್ಮ ತಲೆಗೇ. ಆಸ್ಪತ್ರೆಯ ಆಟಾಪ್ಸಿಯೂ (ಶವಪರೀಕ್ಷೆ) ಪ್ಯಾಥಾಲಜಿಯವರದ್ದೇ. ಹಿಸ್ಟೋ (ಅಂಗಾಂಶದ ಸ್ಲೈಡ್) ಮಾತ್ರ ನೋಡಿ ಬರಬೇಡಿ, ಒಂದೆರಡು ದಿನ ಬ್ಲಡ್ ಬ್ಯಾಂಕಿನಲ್ಲಿ ಕೂರುತ್ತೇನೆ ಅಂತ ನೀವೇ ಕೇಳಿ. ಆಪರೇಷನ್ ನಡೆಯುತ್ತಿರುವಾಗಲೇ ಅಂಗಾಂಶವನ್ನು ಹೆಪ್ಪುಗಟ್ಟಿಸಿ ನೋಡುವ ಫ್ರೋಜನ್ ಸೆಕ್ಷನ್ ಬಂದಾಗ ಮಾತ್ರ ಎಲ್ಲ ಬಿಟ್ಟು ಓಡಿ. ಒಂದು ಬ್ಲಾಕ್ (ಅಂಗಾಂಶದ ತುಂಡು) ಇದ್ದರೆ 20 ನಿಮಿಷದಲ್ಲಿ ಸರ್ಜನ್‌ಗೆ ಉತ್ತರ ಹೋಗಬೇಕು. ಪ್ಯಾಥಾಲಜಿಸ್ಟ್ ಫೋನಿನಲ್ಲಿ ಎಷ್ಟು ಹೇಳುತ್ತಾರೆ, ಯಾವುದನ್ನು ಆಮೇಲೆ ಬರುವ ಪರ್ಮನೆಂಟ್ ಸೆಕ್ಷನ್‌ಗೆ ಬಿಡುತ್ತಾರೆ ಅಂತ ಕೇಳಿಸಿಕೊಳ್ಳುವುದೇ ಒಂದು ಪಾಠ.

ನಮ್ಮ ಕೈಯಲ್ಲಿ ಏನಿದೆ ಅಂತಲೂ ಗೊತ್ತಿರಲಿ. ಸಣ್ಣ ಲ್ಯಾಬಿನಿಂದ ಇಮ್ಯುನೋಗೆ (ಪ್ರತಿಕಾಯ ಬಳಸುವ ವಿಶೇಷ ಬಣ್ಣದ ಪರೀಕ್ಷೆ) ಬ್ಲಾಕನ್ನು ಬೆಂಗಳೂರಿಗೋ ಮಣಿಪಾಲಕ್ಕೋ ಕಳಿಸಿ ಕಾದವರಿಗೆ ಎಚ್ ಅಂಡ್ ಇ (ಮಾಮೂಲಿ ಬಣ್ಣ) ಸ್ಲೈಡ್ ಮೇಲೇ ಯೋಚಿಸಿ ಅಭ್ಯಾಸ ಇರುತ್ತದೆ. ಗಂಟಿನಿಂದ ಜೀವಕೋಶ ತೆಗೆಯುವ ಎಫ್‌ಎನ್‌ಎಸಿ ಸೂಜಿಯನ್ನು ನಾವೇ ಹಿಡಿದಿರುತ್ತೇವೆ. ಬಾಯಿ ಕ್ಯಾನ್ಸರ್, ಸಬ್‌ಮ್ಯೂಕಸ್ ಫೈಬ್ರೋಸಿಸ್ (ಅಡಿಕೆ ಜಗಿದು ಬಾಯಿ ಬಿಗಿಯುವ ಕಾಯಿಲೆ) ನೀವು ನೋಡಿದಷ್ಟು ಅಲ್ಲಿಯ ರೆಸಿಡೆಂಟ್ ನೋಡಿರುವುದಿಲ್ಲ. ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ 2004ರಲ್ಲೇ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆ ದುಡ್ಡಲ್ಲಿ ಹೋಗಿ ಅದನ್ನೇ ವಿವರಿಸುವುದು ಒಂಥರಾ, ಬಿಡಿ, ಅಪ್ಪನಿಗೆ ಹೇಳಬೇಡಿ.

ಸಾಗರದವರು, ಹೋಗಿ ಬಂದು ಅರ್ಜಿ ಹಾಕಿದ್ದೇನೆ

ಮೇಲಿನವರು ಹೇಳಿದ್ದೆಲ್ಲ ಸರಿ, ನಾನು ಕಾಗದಪತ್ರದ ಕಥೆ ಹೇಳುತ್ತೇನೆ. ಅಬ್ಸರ್ವರ್‌ಶಿಪ್‌ಗೆ ಸಾಮಾನ್ಯವಾಗಿ ಬಿ1/ಬಿ2 (ಭೇಟಿ) ವೀಸಾ, ಆಸ್ಪತ್ರೆಯ ಆಹ್ವಾನ ಪತ್ರ ಕೈಯಲ್ಲಿರಲಿ. ಸಂಬಳ ಇಲ್ಲ, ಚಿಕಿತ್ಸೆ ಕೊಡುವುದಿಲ್ಲ, ನೋಡಿ ಕಲಿಯಲು ಹೋಗುತ್ತಿದ್ದೇನೆ ಅಂತ ನೇರವಾಗಿ ಹೇಳಿ. ವೀಸಾ ಸಂದರ್ಶನಕ್ಕೆ ಚೆನ್ನೈಗೋ ಹೈದರಾಬಾದಿಗೋ ಓಡಾಟ ಇದ್ದೇ ಇದೆ, ಬೇಗ ದಿನಾಂಕ ಹಿಡಿದುಕೊಳ್ಳಿ.

ಲಸಿಕೆ ದಾಖಲೆ ಕೇಳುತ್ತಾರೆ: ಎಂಎಂಆರ್, ಚಿಕನ್‌ಪಾಕ್ಸ್, ಹೆಪಟೈಟಿಸ್ ಬಿ ಟೈಟರ್ (ರಕ್ತದಲ್ಲಿ ಪ್ರತಿಕಾಯದ ಮಟ್ಟ). ಟಿಬಿ ಪರೀಕ್ಷೆಯಲ್ಲಿ ಹುಷಾರು. ನಮಗೆಲ್ಲ ಚಿಕ್ಕಂದಿನಲ್ಲಿ ಬಿಸಿಜಿ ಹಾಕಿರುವುದರಿಂದ ಚರ್ಮದ ಪರೀಕ್ಷೆ ಸುಮ್ಮನೆ ಪಾಸಿಟಿವ್ ಬರಬಹುದು. ಕ್ವಾಂಟಿಫೆರಾನ್ ಥರದ ರಕ್ತ ಪರೀಕ್ಷೆ ನಡೆಯುತ್ತದಾ ಅಂತ ಮೊದಲೇ ಕೇಳಿ. ನನ್ನದು ಇದರಲ್ಲೇ ಸಿಕ್ಕಿಕೊಂಡು ಹೊರಡುವ ದಿನ ಮುಂದೆ ಹೋಯಿತು. ಮತ್ತೆ, ನಮ್ಮ ಅಭ್ಯಾಸದಂತೆ ಐಪೀಸ್‌ಗೆ ಫೋನ್ ಹಿಡಿದು ಸ್ಲೈಡ್ ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕಬೇಡಿ. ರೋಗಿಯ ಗೋಪ್ಯತೆ ಕಾನೂನು ಅಲ್ಲಿ ಬಿಗಿ, ಅನುಮತಿ ಇಲ್ಲದೆ ತೆಗೆದರೆ ಅಲ್ಲಿಗೇ ಮುಗಿಯಿತು.

ಕೊಪ್ಪದವರು, ಈಗ ಇಂಗ್ಲೆಂಡ್‌ನಲ್ಲಿ

ಎಲ್ಲರೂ ಅಮೆರಿಕ ಅಂತೀರಿ, ಈ ಕಡೆಯೂ ನೋಡಿ. ಇಲ್ಲಿ ಇದನ್ನು ಕ್ಲಿನಿಕಲ್ ಅಟ್ಯಾಚ್‌ಮೆಂಟ್ ಅನ್ನುತ್ತಾರೆ. ಹಿಸ್ಟೋಪ್ಯಾಥಾಲಜಿ ಇಲ್ಲಿ ಪ್ರತ್ಯೇಕ ತರಬೇತಿ. ಹೆಮಟಾಲಜಿ, ಮೈಕ್ರೋಬಯಾಲಜಿ ಬೇರೆ ದಾರಿ. ಸ್ಲೈಡ್ ಮಾತ್ರ ಸಾಕು ಅನ್ನುವವರಿಗೆ ಇದು ಹಿತ. ಇಲ್ಲಿಯ ಪ್ಯಾಥಾಲಜಿ ತಜ್ಞರ ಪರೀಕ್ಷೆ ಎಫ್‌ಆರ್‌ಸಿಪ್ಯಾಥ್ ಪೂರ್ತಿ ಮುಗಿಸಿದರೆ ಇಲ್ಲಿಯ ವೈದ್ಯಕೀಯ ಮಂಡಳಿ ಜಿಎಂಸಿಯ ನೋಂದಣಿಗೆ ಹೊರದೇಶದ ವೈದ್ಯರ ಪ್ಲ್ಯಾಬ್ ಪರೀಕ್ಷೆ ಬರೆಯಬೇಕಿಲ್ಲ, ಎಂ.ಡಿ. ಆದವರಿಗೆ ಆ ದಾರಿ ಚೆನ್ನಾಗಿದೆ. ಆದರೆ ಸ್ಟೆಪ್ 1 ಆಗಲೇ ಮುಗಿಸಿದ್ದೀರಲ್ಲ, ಎರಡು ದೋಣಿಗೆ ಕಾಲಿಡಿ ಅಂತ ನಾನು ಹೇಳುವುದಿಲ್ಲ.

ಕೇಳಿದವರು

ಏಜೆಂಟಿಗೆ ಬೇಡ ಅಂದೆ. ಇಮೇಲ್‌ಗೆ ಯಾರೂ ಉತ್ತರ ಕೊಡುವುದಿಲ್ಲ ಅಂತಾರಲ್ಲ, ಏನು ಬರೆಯಲಿ? ಅಲ್ಲಿಯವರೆಗೆ ಇಲ್ಲೇ ಏನು ಮಾಡಬಹುದು?

ತೀರ್ಥಹಳ್ಳಿ ಕಡೆಯವರು

ಹೌದು, ಹೆಚ್ಚಿನವರು ಕೊಡುವುದಿಲ್ಲ, ಬೇಜಾರಾಗಬೇಡಿ. ಪ್ಯಾಥೆಲೆಕ್ಟಿವ್ ಅಂತ ಉಚಿತ ಆನ್‌ಲೈನ್ ಕೋರ್ಸ್‌ಗಳಿವೆ, ಮಾಡಿ. ಪ್ಯಾಥಾಲಜಿ ಔಟ್‌ಲೈನ್ಸ್ ವೆಬ್‌ಸೈಟ್ ಹೇಗೂ ಓದುತ್ತಿರುತ್ತೀರಿ. ಊರಿನದ್ದೇ ಒಂದು ಕೇಸ್ ಬರೆಯಿರಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣ್ಣೆ ಹುಳುವಿನಿಂದ (ಉಣುಗು) ಹರಡುತ್ತದೆ, ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎರಡೂ ಇಳಿಯುತ್ತವೆ. ಅಮೆರಿಕದ ಈಶಾನ್ಯ ರಾಜ್ಯಗಳಲ್ಲೂ ಉಣ್ಣೆಯ ಕಾಯಿಲೆ ಬೇಕಾದಷ್ಟಿವೆ. ಅಲ್ಲಿ ಬೇಸಿಗೆಯಲ್ಲಿ ಉಣ್ಣೆಯಿಂದಲೇ ಬರುವ ಬಬೀಸಿಯಾ ಪರಾವಲಂಬಿಯ ರಕ್ತದ ಸ್ಮಿಯರ್ ಬರುತ್ತದೆ, ರಿಂಗ್ ನೋಡಿ ಮಲೇರಿಯಾ ಅನ್ನಲು ನಮ್ಮ ಬಾಯಿ ತುದಿಯಲ್ಲೇ ಇರುತ್ತದೆ. ಪಿಗ್ಮೆಂಟ್ ಇದೆಯಾ (ಇದ್ದರೆ ಮಲೇರಿಯಾ), ನಾಲ್ಕು ಸೇರಿ ಶಿಲುಬೆಯ ಹಾಗೆ ನಿಂತಿವೆಯಾ (ನಿಂತಿದ್ದರೆ ಬಬೀಸಿಯಾ) ನೋಡಿ. ಎರಡೂ ಕಡೆಯದು ಗೊತ್ತಿದ್ದರೆ ಮಾತಿಗೆ ವಿಷಯ ಆಯಿತು.

ಇಮೇಲ್ ಐದಾರು ಸಾಲು ಸಾಕು. ಯಾರು, ಯಾವ ಪರೀಕ್ಷೆ ಮುಗಿದಿದೆ, ಯಾವ ತಿಂಗಳು ಬರಬಹುದು, ಅವರ ಯಾವ ಕೆಲಸ ನೋಡಿ ಬರೆಯುತ್ತಿದ್ದೀರಿ. ಎಲ್ಲರಿಗೂ ಒಂದೇ ಒಕ್ಕಣೆ ಕಳಿಸಬೇಡಿ. ಪ್ರೋಗ್ರಾಂ ಕೋಆರ್ಡಿನೇಟರ್‌ಗೂ ಬೇರೆಯಾಗಿ ಬರೆಯಿರಿ, ಅರ್ಜಿ ನಮೂನೆ, ಶುಲ್ಕ ಎಲ್ಲ ಅವರ ಹತ್ತಿರವೇ ಇರುತ್ತದೆ. ಮುಂದಿನ ಬೇಸಿಗೆಗೆ ಹೋಗಬೇಕಿದ್ದರೆ ಈಗಲೇ ಶುರು ಮಾಡಿ. ಮೊದಲ ಇಮೇಲ್ ಬರೆದು ಇಲ್ಲಿ ಹಾಕಿ, ತಿದ್ದಿ ಕೊಡುತ್ತೇನೆ.