ಅಪ್ಪನ 1984ರ ಫಿಯೆಟ್: ಗುಜರಿಗೆ ಕೊಡಬೇಕಾ, ಮತ್ತೆ ಓಡಿಸಬಹುದಾ?

ರಬಕವಿ ಹುಡುಗ:

ಎಲ್ಲರಿಗೂ ನಮಸ್ಕಾರ್ರೀ. ನಮ್ಮದು ರಬಕವಿ. ಮನೆಯಲ್ಲಿ 1984ರ ಪ್ರೀಮಿಯರ್ ಪದ್ಮಿನಿ ಇದೆ, ಎಲ್ಲರೂ ಫಿಯೆಟ್ ಅಂತಲೇ ಕರೆಯೋ ಕಾರು. ಅಪ್ಪ ಸೀರೆ ವ್ಯಾಪಾರ ಮಾಡುತ್ತಿದ್ದರು. ಮಗ್ಗದಿಂದ ಇಳಿದ ಸೀರೆ ಗಂಟು ಕಟ್ಟಿ, ಡಿಕ್ಕಿ ತುಂಬಿಸಿ, ಬೆಳಗಿನ ಜಾವ ನಿಪ್ಪಾಣಿ, ಕೊಲ್ಹಾಪುರದ ಕಡೆ ಹೊರಡುತ್ತಿದ್ದರು. ರಜೆ ಇದ್ದರೆ ನಾನೂ ಜೊತೆಗೆ. ಗೇರು ಸ್ಟೀರಿಂಗ್ ಪಕ್ಕದಲ್ಲೇ ಇರೋದರಿಂದ ಮುಂದೆ ಮೂರು ಜನ ಕೂಡಬಹುದಿತ್ತು, ನಡುವಿನ ಜಾಗ ನನ್ನದು. ಬಾಗಿಲಿನ ಮೂಲೆಯ ತ್ರಿಕೋನದ ಗಾಜು ತಿರುಗಿಸಿದರೆ ಗಾಳಿ ನೇರ ಮುಖಕ್ಕೆ. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಇಡೀ ಮನೆ ಅದರಲ್ಲೇ ಹೋಗಿ ಬಂದಿದೆ.

ಕೊರೋನಾಕ್ಕೂ ಮೊದಲಿನಿಂದ ಗಾಡಿ ನಿಂತಿದೆ. ಆರ್‌ಸಿ ಅವಧಿ ಮುಗಿದಿದೆ. ‘ಹದಿನೈದು ವರ್ಷ ದಾಟಿದ ಗಾಡಿ ಸರ್ಕಾರವೇ ಗುಜರಿಗೆ ಹಾಕಿಸುತ್ತೆ, ಈಗಲೇ ಕೊಟ್ಟುಬಿಡೋಣ’ ಅಂತಾನೆ ಅಣ್ಣ. ಗುಜರಿಯವನು ಬಂದು ಕಬ್ಬಿಣದ ತೂಕದ ಲೆಕ್ಕದಲ್ಲಿ ರೇಟು ಹೇಳಿ ಹೋದ. ನನಗೆ ಮನಸ್ಸು ಒಪ್ಪುತ್ತಿಲ್ಲ. ಅಪ್ಪ ಈಗಲೂ ಸಂಜೆ ಹೋಗಿ ಬಾನೆಟ್ ಒರೆಸಿ ಬರುತ್ತಾರೆ.

ಭಾನುವಾರ ಹೊಸ ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಿ ನೋಡಲಾ? ಸಾಮಾನು ಸಿಗುತ್ತಾ? ತಿಳಿದವರು ಹೇಳ್ರಿ.

ಖಾನಾಪುರ ರೋಡ್:

ತಮ್ಮಾ, ದಯವಿಟ್ಟು ಭಾನುವಾರ ಸ್ಟಾರ್ಟ್ ಮಾಡಬೇಡ. ನಾನು ಬೆಳಗಾವಿಯವನು. ನಮ್ಮ ತಂದೆಯ ಗ್ಯಾರೇಜಿನಲ್ಲಿ ಫಿಯೆಟ್, ಅಂಬಾಸಿಡರ್ ಬಿಚ್ಚುತ್ತಲೇ ದೊಡ್ಡವನಾದವನು. ಇಷ್ಟು ವರ್ಷ ನಿಂತ ಇಂಜಿನ್‌ನಲ್ಲಿ ಪಿಸ್ಟನ್ ರಿಂಗು ತುಕ್ಕು ಹಿಡಿದು ಸಿಲಿಂಡರಿಗೆ ಕಚ್ಚಿಕೊಂಡಿರಬಹುದು. ಹೊಸ ಬ್ಯಾಟರಿಯ ಜೋರಿಗೆ ಸ್ಟಾರ್ಟರ್ ಎಳೆದರೆ ರಿಂಗು ಮುರಿಯುತ್ತೆ, ಸಿಲಿಂಡರಿಗೆ ಗೀರು ಬೀಳುತ್ತೆ. ಸಾವಿರದಲ್ಲಿ ಮುಗಿಯುವ ಕೆಲಸ ಲಕ್ಷಕ್ಕೆ ಹೋಗುತ್ತೆ.

ಮೊದಲು ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚು. ಒಂದೊಂದು ತೂತಿಗೂ ಎರಡು ಚಮಚ ಇಂಜಿನ್ ಆಯಿಲ್ ಬಿಟ್ಟು ಎರಡು ದಿನ ಹಾಗೇ ಬಿಡು. ಆಮೇಲೆ ಪ್ಲಗ್ ಹಾಕದೆಯೇ ಟಾಪ್ ಗೇರಿಗೆ ಹಾಕಿ, ಇಬ್ಬರು ಸೇರಿ ಮೆಲ್ಲಗೆ ತಳ್ಳಿ. ಚಕ್ರದ ಜೊತೆ ಇಂಜಿನ್ನೂ ತಿರುಗಬೇಕು, ಫ್ಯಾನ್ ಬೆಲ್ಟ್ ನೋಡಿದರೆ ಗೊತ್ತಾಗುತ್ತೆ. ತಿರುಗಲಿಲ್ಲ ಅಂದರೆ ಜೋರು ಮಾಡಬೇಡ, ಮತ್ತೆ ಆಯಿಲ್ ಬಿಟ್ಟು ಕಾಯಿ. ನ್ಯೂಟ್ರಲ್‌ನಲ್ಲೂ ಗಾಡಿ ಅಲುಗದಿದ್ದರೆ ಬ್ರೇಕ್ ಶೂ ಡ್ರಮ್ಮಿಗೆ ಅಂಟಿದೆ ಅಂತ ತಿಳಿ.

ಟ್ಯಾಂಕಿನ ಹಳೇ ಪೆಟ್ರೋಲ್ ಪೂರ್ತಿ ತೆಗೆದುಬಿಡು. ಮೂಗಿಗೆ ಹಿಡಿದರೆ ವಾರ್ನಿಷ್ ವಾಸನೆ ಬರುತ್ತೆ. ಅದೇ ಕಾರ್ಬುರೇಟರಿನ ಜೆಟ್ಟುಗಳಲ್ಲಿ, ಅಂದರೆ ಪೆಟ್ರೋಲ್ ಹಾಯೋ ಸಣ್ಣ ತೂತುಗಳಲ್ಲಿ, ಅಂಟಾಗಿ ಕೂತಿರುತ್ತೆ. ಏರ್ ಫಿಲ್ಟರ್ ಡಬ್ಬಿಯನ್ನೂ ತೆರೆದು ನೋಡು. ಕೊಟ್ಟಿಗೆಯಲ್ಲಿ ನಿಂತ ಗಾಡಿಯಲ್ಲಿ ಇಲಿಗಳು ಅಲ್ಲೇ ಹತ್ತಿ, ಜೋಳದ ದಂಟು ತಂದು ಗೂಡು ಕಟ್ಟಿರುತ್ತವೆ. ಇಂಜಿನ್ ಶುರುವಾದರೂ ರಸ್ತೆಗೆ ಇಳಿಸಬೇಡ. ಬ್ರೇಕಿನ ಮಾಸ್ಟರ್ ಸಿಲಿಂಡರ್, ನಾಲ್ಕು ಚಕ್ರದ ವೀಲ್ ಸಿಲಿಂಡರ್, ಎಲ್ಲದರ ರಬ್ಬರ್ ಬದಲಾಗಲೇಬೇಕು. ಈ ಗಾಡಿಗೆ ನಾಲ್ಕೂ ಕಡೆ ಡ್ರಮ್ ಬ್ರೇಕ್. ಒಂದು ವಾಷರ್ ಹೋದರೂ ಪೆಡಲ್ ನೆಲ ಮುಟ್ಟುತ್ತೆ.

ಇನ್ನು ನಿನ್ನ ಗಾಡಿ ಎಂಥದ್ದು ಅಂತ ನಿಮ್ಮ ಅಣ್ಣನಿಗೂ ಗೊತ್ತಿರಲಿ. ಇದನ್ನು ಕುರ್ಲಾದಲ್ಲಿ ತಯಾರು ಮಾಡಿದ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿ ಶುರು ಮಾಡಿದ್ದು ವಾಲ್‌ಚಂದ್ ಹಿರಾಚಂದ್. ಹುಟ್ಟಿದ್ದು ಸೋಲಾಪುರ, ವಿಜಯಪುರ ದಾಟಿದರೆ ಸಿಗೋ ಊರು. 1964ರಲ್ಲಿ ಫಿಯೆಟ್ 1100 ಡಿಲೈಟ್ ಅಂತ ಬಂತು. 1970ರ ದಶಕದಲ್ಲಿ ಮೊದಲು ಪ್ರೆಸಿಡೆಂಟ್, ಆಮೇಲೆ ಪದ್ಮಿನಿ ಅಂತ ಹೆಸರಾಯಿತು. 1089 ಸಿಸಿ ಇಂಜಿನ್, ಸುಮಾರು 40 ಕುದುರೆ ಶಕ್ತಿ. ಅಷ್ಟರಲ್ಲೇ ನಿಮ್ಮ ಅಪ್ಪ ಸೀರೆ ಗಂಟು ಹೇರಿಕೊಂಡು ಕೊಲ್ಹಾಪುರ ಮುಟ್ಟುತ್ತಿದ್ದರು ನೋಡು. ಆಗ ಕಾರಿಗೆ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದ ಮೇಲೆಯೇ ಜನ ಬೇರೆ ಕಡೆ ತಿರುಗಿದ್ದು. ಅದಾದ ಮೇಲೂ ನಿಮ್ಮಪ್ಪ ಫಿಯೆಟ್ಟನ್ನೇ ಇಟ್ಟುಕೊಂಡರು ಅಂದರೆ ಆ ಪ್ರೀತಿ ನನಗೆ ಅರ್ಥ ಆಗುತ್ತೆ.

ಸಾಮಾನಿನ ಚಿಂತೆ ಬೇಡ. ಮುಂಬೈಯಲ್ಲಿ ಕಪ್ಪು-ಹಳದಿ ಟ್ಯಾಕ್ಸಿಯಾಗಿ ಈ ಗಾಡಿ 2023ರ ಅಕ್ಟೋಬರ್‌ವರೆಗೂ ಓಡಿದೆ. ಅದಕ್ಕೇ ಅಲ್ಲಿನ ಹಳೇ ಸಾಮಾನಿನ ಅಂಗಡಿಗಳಲ್ಲಿ ಇನ್ನೂ ಸಿಗುತ್ತೆ. ಸಿಗದ ತುಂಡನ್ನು ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗ್‌ನಲ್ಲಿ ಮಾಡಿಸಬಹುದು. ಸಿಲಿಂಡರ್ ಬೋರಿಂಗ್, ಡ್ರಮ್ ಲೇತಿಗೆ ಹಾಕೋದು, ಬುಷ್ ಹೊಡೆಯೋದು, ಎಲ್ಲಾ ಅಲ್ಲಿ ಆಗುತ್ತೆ. ಈ ಊರಿಗೆ ಕಬ್ಬಿಣದ ಕೆಲಸ ಹೊಸದಲ್ಲ. ಗುರ್ಲಹೊಸೂರಿನ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಅಣ್ಣನ ಜೊತೆ ಸೈಕಲ್ ಅಂಗಡಿ ಹಾಕಿದ್ದು ಇಲ್ಲೇ. ಕಬ್ಬಿಣದ ನೇಗಿಲಿಗೆ ಕೈ ಹಾಕಿದ್ದೂ ಇಲ್ಲೇ. ಆಮೇಲೆ 1910ರಲ್ಲಿ ಅವರು ಕಾರ್ಖಾನೆಯನ್ನು ಈಗಿನ ಮಹಾರಾಷ್ಟ್ರದಲ್ಲಿದ್ದ ಔಂಧ್ ಸಂಸ್ಥಾನಕ್ಕೆ ಒಯ್ದರು. ಆ ಕಾರ್ಖಾನೆ ಇಲ್ಲೇ ಉಳಿದಿದ್ದರೆ ಅಂತ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಗುಮ್ಮಟನಗರಿ:

ಕಾಗದಪತ್ರದ ವಿಷಯ ನಾನು ಹೇಳ್ತೀನ್ರೀ. ವಿಜಯಪುರದಲ್ಲಿ ನಮ್ಮ ಮಾವನ ಅಂಬಾಸಿಡರಿಗೆ ಇದೇ ಕೆಲಸ ಮಾಡಿಸಿದ್ದೇನೆ.

ಹದಿನೈದು ವರ್ಷಕ್ಕೆ ಗುಜರಿ ಅನ್ನೋದು ದೆಹಲಿ ಕಡೆಯ ಸುದ್ದಿ ಕೇಳಿ ಹುಟ್ಟಿದ ಹೆದರಿಕೆ. ನಮ್ಮಲ್ಲಿ ಸ್ವಂತ ಕಾರಿಗೆ ಹದಿನೈದು ವರ್ಷ ಆದ ಮೇಲೆ ಆರ್‌ಟಿಒದಲ್ಲಿ ಗಾಡಿ ತೋರಿಸಿ, ಹಸಿರು ತೆರಿಗೆ ಕಟ್ಟಿ, ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಬಹುದು. ಆದರೆ ಶುಲ್ಕ ಜಾಸ್ತಿ ಆಗಿದೆ. 20 ವರ್ಷ ದಾಟಿದ ಕಾರಿಗೆ 2025ರಲ್ಲಿ 10,000 ರೂಪಾಯಿ ಮಾಡಿದರು. ತಡವಾಗಿದ್ದಕ್ಕೆ ದಂಡ ಬೇರೆ. ನಿಮಗೆ ಜಮಖಂಡಿ ಆರ್‌ಟಿಒ ಹತ್ತಿರ, ಅಲ್ಲೇ ವಿಚಾರಿಸಿ.

2021ರಲ್ಲಿ ವಿಂಟೇಜ್ ಗಾಡಿಗಳಿಗೆ ಬೇರೆ ನಿಯಮ ಬಂದಿದೆ. ಅದಕ್ಕೆ ಗಾಡಿ 50 ವರ್ಷ ದಾಟಿರಬೇಕು. ನಿಮ್ಮದು 2034ರವರೆಗೆ ಕಾಯಬೇಕು. ಅದರಲ್ಲಿ ಬಂದರೆ ದಿನದ ಓಡಾಟಕ್ಕೆ ಬಳಸುವಂತಿಲ್ಲ. ಮೂಲ ರೂಪ ಕೆಡಿಸಿರಬಾರದು ಅಂತಲೂ ಇದೆ, ಅದಕ್ಕೇ ಈಗಿನಿಂದಲೇ ಮೂಲ ರೂಪದಲ್ಲಿ ಏನೂ ಬದಲಿಸಬೇಡಿ. ಹಳೇ ನಂಬರ್ ಪ್ಲೇಟು, ‘ಕೆಎ’ ಬರೋ ಮುಂಚಿನದು ಅಲ್ವಾ? ಅದು ಬಂಗಾರ. ಗುಜರಿಗೆ ಹಾಕಿದರೆ ನಂಬರೂ ಹೋಗುತ್ತೆ.

ರಬಕವಿ ಹುಡುಗ:

ಇಬ್ಬರಿಗೂ ಶರಣು ಶರಣಾರ್ಥಿ. ಅಣ್ಣನಿಗೆ ಇದನ್ನೆಲ್ಲ ಓದಿ ಹೇಳಿದೆ. ‘ಆರ್‌ಸಿ ಆಗೋದಾದರೆ ಅರ್ಧ ಖರ್ಚು ನನ್ನದು’ ಅಂದ! ಅಪ್ಪ ಅಂತೂ ಟ್ರಂಕಿನಿಂದ ಹಳೇ ಸ್ಪ್ಯಾನರ್ ಸೆಟ್, ಒಂದು ಡಬ್ಬಿ ಪಾಯಿಂಟು, ಕಂಡೆನ್ಸರ್ (ಪ್ಲಗ್ಗಿಗೆ ಕಿಡಿ ಕೊಡಿಸೋ ಸಾಮಾನು) ಎಲ್ಲಾ ತೆಗೆದು ಪೇಪರಿನ ಮೇಲೆ ಸಾಲಾಗಿ ಜೋಡಿಸಿ ಕೂತಿದ್ದಾರೆ. ಪ್ಲಗ್ ಬಿಚ್ಚಿ ಆಯಿಲ್ ಬಿಟ್ಟಾಯ್ತು. ಒಂದು ಅನುಮಾನ: ಈಗಿನ ಎಥೆನಾಲ್ ಬೆರೆಸಿದ ಪೆಟ್ರೋಲ್ ಇದಕ್ಕೆ ಆಗುತ್ತಾ? ಬಣ್ಣವನ್ನೂ ಹೊಸದಾಗಿ ಹೊಡೆಸಲಾ?

ಖಾನಾಪುರ ರೋಡ್:

ಒಳ್ಳೇ ಪ್ರಶ್ನೆ. ನಮ್ಮ ಕಡೆಯ ಕಬ್ಬಿನಿಂದಲೇ ಎಥೆನಾಲ್ ಆಗುತ್ತೆ, ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಕಾಲದ ರಬ್ಬರಿಗೆ ಅದು ಆಗಿಬರಲ್ಲ. ಪೈಪು ಉಬ್ಬುತ್ತೆ, ಇಂಜಿನ್ನಿಗೆ ಪೆಟ್ರೋಲ್ ಎಳೆಯೋ ಪಂಪಿನ ಡಯಾಫ್ರಾಮ್ (ರಬ್ಬರ್ ಪೊರೆ) ಮೆತ್ತಗಾಗುತ್ತೆ. ಎಥೆನಾಲ್ ನೀರನ್ನೂ ಎಳೆದುಕೊಳ್ಳುತ್ತೆ, ಟ್ಯಾಂಕು ಒಳಗಿಂದ ತುಕ್ಕು ಹಿಡಿಯುತ್ತೆ. ಎಥೆನಾಲ್ ತಡೆಯೋ ಪೈಪು, ಡಯಾಫ್ರಾಮ್ ಹಾಕಿಸು. ಪೈಪಿನಲ್ಲಿ ಒಂದು ಸಣ್ಣ ಫಿಲ್ಟರ್ ಇರಲಿ. ಬೇಕಾದಷ್ಟೇ ಪೆಟ್ರೋಲ್ ಹಾಕಿ ಓಡಿಸು, ತಿಂಗಳುಗಟ್ಟಲೆ ನಿಲ್ಲಿಸೋದಾದರೆ ಟ್ಯಾಂಕ್ ಖಾಲಿ ಮಾಡು.

ಬಣ್ಣ ಈಗಲೇ ಮುಟ್ಟಬೇಡ. ಬ್ರೇಕು, ಟೈರು, ವೈರಿಂಗ್ ಮುಗಿಯಲಿ. ನೆಲದ ತಗಡು ತುಕ್ಕು ಹಿಡಿದಿದೆಯಾ ಅಂತ ಮ್ಯಾಟ್ ಎತ್ತಿ ಸ್ಕ್ರೂಡ್ರೈವರಿನಿಂದ ಒತ್ತಿ ನೋಡು, ಫೋಟೋ ಇಲ್ಲಿ ಹಾಕು. ತಗಡು ಗಟ್ಟಿ ಇದ್ದರೆ ಆ ಹಳೇ ಬಣ್ಣವನ್ನು ಪಾಲಿಶ್ ಮಾಡಿದರೆ ಸಾಕು.