ತೋಟದ ಲೈನ್ ಮನೆ ಕುಟುಂಬಗಳಿಗೆ ಎರಡು ದಿನದ ಪ್ರವಾಸ: ದುಡ್ಡು ಕೊಡುವವರಿದ್ದಾರೆ, ನಡೆಸೋದು ಹೇಗೆ?

ಪ್ರಶ್ನೆ (ಬಾಣೆಮರ):

ಕೊಡಗಿನ ಸಿದ್ದಾಪುರ ಸುತ್ತಿನ ಕಾಫಿ ತೋಟಗಳ ಲೈನ್ ಮನೆಗಳಿಂದ (ಕಾರ್ಮಿಕರ ಸಾಲುಮನೆ) 12 ಕುಟುಂಬ, ಮಕ್ಕಳೂ ಸೇರಿ 45 ಜನ. ಹೆಚ್ಚಿನವರು ಯರವ, ಜೇನುಕುರುಬ ಆದಿವಾಸಿಗಳು. ಅಸ್ಸಾಮಿನಿಂದ ಬಂದ ಎರಡು ಕುಟುಂಬ ಇವೆ. ಶಾಲೆ ಬಿಟ್ಟ 16ರಿಂದ 20 ವಯಸ್ಸಿನವರು ಎಂಟು ಮಂದಿ. ನಮ್ಮದು ನೋಂದಾಯಿತ ಟ್ರಸ್ಟ್, ಆದಾಯ ತೆರಿಗೆಯ 12ಎ (ಟ್ರಸ್ಟಿಗೆ ವಿನಾಯಿತಿ), 80ಜಿ (ದಾನಿಗೆ ವಿನಾಯಿತಿ) ಎರಡೂ ಇದೆ. ಇಬ್ಬರು ದಾನಿಗಳು ಒಪ್ಪಿದ್ದಾರೆ. ಒಂದು ತೋಟದ ಕಂಪನಿ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಹಣ ಕೊಡ್ತೀವಿ ಅಂತಿದೆ, ಆದರೆ ಹೋಗುವವರಲ್ಲಿ ಅರ್ಧದಷ್ಟು ಅದೇ ಕಂಪನಿಯ ಕಾರ್ಮಿಕರು.

ಯಾವ ತಿಂಗಳು ಒಳ್ಳೇದು? ದುಬಾರೆ, ಅಬ್ಬಿ ಫಾಲ್ಸ್, ರಾಜಾಸೀಟ್ ಅಂತ ಅಂದುಕೊಂಡಿದ್ದೇವೆ, ಸರೀನಾ? ಬಸ್ಸು ಸರ್ಕಾರಿಯೋ ಖಾಸಗಿಯೋ? ಇನ್ನೊಂದು, ಇಂಥ ಪ್ರವಾಸಗಳಿಗೆ ಹೆಸರು ಕೊಟ್ಟವರಲ್ಲಿ ಎಷ್ಟೋ ಜನ ಹೊರಡೋ ದಿನ ಬರೋದೇ ಇಲ್ಲವಂತೆ. ಪುಕ್ಕಟೆ ಇದ್ದರೂ ಯಾಕೆ?

ಉತ್ತರ 1 (ಕಿತ್ತಳೆತೋಟ):

ಕೊನೆಯ ಪ್ರಶ್ನೆಯೇ ಮೊದಲನೆಯದು. ಪುಕ್ಕಟೆ ಅನ್ನೋದು ನಿಮ್ಮ ಲೆಕ್ಕ, ಅವರಿಗೆ ಅದು ಪುಕ್ಕಟೆ ಅಲ್ಲ. ಗಂಡ ಹೆಂಡತಿ ಇಬ್ಬರೂ ಎರಡು ದಿನ ಕೆಲಸಕ್ಕೆ ಹೋಗದಿದ್ದರೆ ನಾಲ್ಕು ಕೂಲಿ ಹೋಯಿತು. ಅದರ ಮೇಲೆ ಮಗುವಿಗೆ ಚಪ್ಪಲಿ, ಒಂದು ಒಳ್ಳೆ ಬಟ್ಟೆ, ಅಲ್ಲಿ ಮಗು ಐಸ್‌ಕ್ರೀಮ್ ಕೇಳಿದರೆ ಕೊಡಿಸಲು ಕೈಯಲ್ಲಿ ಕಾಸು. ಇಲ್ಲ ಅನ್ನಲಾಗದೆ ಹೆಸರು ಕೊಡ್ತಾರೆ, ಹೊರಡೋ ದಿನ ಜ್ವರ ಬರ್ತದೆ.

ಹಾಗಾಗಿ ಬಜೆಟ್ ಬರೆಯುವಾಗ ಬಸ್ಸಿಗಿಂತ ಮೊದಲು ಮೂರು ಸಾಲು ಬರೆಯಿರಿ: ಕಳೆದುಹೋಗುವ ಕೂಲಿಗೆ ದಿನಭತ್ಯೆ, ಮಕ್ಕಳಿಗೆ ಚಪ್ಪಲಿ, ಪ್ರತಿ ಕುಟುಂಬಕ್ಕೆ ಕೈಖರ್ಚು. ಕೈಖರ್ಚನ್ನು ಹೊರಡುವ ಹಿಂದಿನ ದಿನ ಮನೆಯ ಹೆಂಗಸಿನ ಕೈಗೆ ಕೊಡಿ. ಬಸ್ಸಿನಲ್ಲಿ ಎಲ್ಲರೆದುರು ಹಂಚಬೇಡಿ.

ಕೂಲಿ ನಷ್ಟ ಕಡಿಮೆ ಮಾಡೋ ದಾರಿಯೂ ಇದೆ. ಕಾಯಂ ಕಾರ್ಮಿಕರಿಗೆ 20 ದಿನದ ದುಡಿಮೆಗೆ 1 ದಿನದಂತೆ ಸಂಬಳಸಹಿತ ರಜೆ ಸೇರುತ್ತೆ. ತೋಟದ ರೈಟರ್ (ಹಾಜರಿ, ಲೆಕ್ಕ ಬರೆಯುವವರು) ಹತ್ತಿರ ಎರಡು ವಾರ ಮೊದಲೇ ಮಾತಾಡಿ ಆ ರಜೆ ಹಾಕಿಸಿ. ತಾತ್ಕಾಲಿಕದವರಿಗೆ ಇದು ಸಾಮಾನ್ಯವಾಗಿ ಸಿಗಲ್ಲ, ದಿನಭತ್ಯೆ ಅವರಿಗೆ ಬೇಕೇ ಬೇಕು. ಭಾನುವಾರ–ಸೋಮವಾರ ಇಟ್ಟುಕೊಂಡರೆ ಹೋಗೋದು ಒಂದೇ ದಿನದ ಕೂಲಿ. ಭಾನುವಾರವೇ ಸಂತೆಯಾಗಿರುವ ಕಡೆಯವರಿಗೆ ಮನೆ ಸಾಮಾನು ಹಿಂದಿನ ದಿನವೇ ತಂದುಕೊಳ್ಳಲು ಹೇಳಿ.

ತಿಂಗಳು: ಅರೇಬಿಕಾ, ರೊಬಸ್ಟಾ ಕುಯ್ಲು ಸೇರಿ ನವೆಂಬರಿನಿಂದ ಮಾರ್ಚ್‌ವರೆಗೆ ಯಾರೂ ಅಲ್ಲಾಡಲ್ಲ. ಕುಯ್ದ ಕೆಜಿ ಲೆಕ್ಕದಲ್ಲಿ ನಾಲ್ಕು ಕಾಸು ಹೆಚ್ಚು ಕಾಣೋದು ಆಗಲೇ. ಜೂನ್‌ನಿಂದ ಸೆಪ್ಟೆಂಬರ್ ಮಳೆ, 2018ರ ಆಗಸ್ಟ್‌ನ ಭೂಕುಸಿತ ನೋಡಿದ ಮೇಲೆ ಘಾಟಿಯಲ್ಲಿ ಬಸ್ಸು ತುಂಬ ಮಕ್ಕಳನ್ನು ಕರೆದೊಯ್ಯುವ ಮಾತೇ ಬೇಡ. ಅಕ್ಟೋಬರ್‌ನಲ್ಲಿ ದಸರಾ, ತಲಕಾವೇರಿಯ ತೀರ್ಥೋದ್ಭವ, ಎಲ್ಲ ಕಡೆ ಜನಜಂಗುಳಿ. ಉಳಿಯೋದು ಏಪ್ರಿಲ್ ಎರಡನೇ ವಾರದಿಂದ ಮೇ ಮಧ್ಯದವರೆಗೆ. ಶಾಲೆಗೂ ರಜೆ. ಮೇ ಕೊನೆಗೆ ಹೋಗಬೇಡಿ, ಯರವರು, ಜೇನುಕುರುಬರು ಸೇರುವ ದೇವರಪುರದ ಕುಂಡೆ ಹಬ್ಬ ಬರುತ್ತೆ. ಆ ವಾರ ಅವರನ್ನು ಬೇರೆ ಕಡೆ ಕರೆಯೋದೇ ತಪ್ಪು.

ಸ್ಥಳ: ಸಿದ್ದಾಪುರದ ಲೈನ್ ಮನೆಯವರನ್ನು ಆನೆ ತೋರಿಸಲು ದುಬಾರೆಗೆ ಕರೆದೊಯ್ಯೋದಾ? ಅವರ ಹಿತ್ತಲ ಬಾಳೆ ತಿಂದುಹೋಗೋದು ಯಾರು ಸ್ವಾಮಿ? ಜೇನುಕುರುಬರ ಎಷ್ಟೋ ಮನೆಗಳಲ್ಲಿ ಮಾವುತರೇ ಇದ್ದಾರೆ. ಪಟ್ಟಿ ನೀವು ಮಾಡಬೇಡಿ, ಲೈನ್ ಹತ್ತಿರ ಸಂಜೆ ಕೂತು ಕೇಳಿ. ಸಾಮಾನ್ಯವಾಗಿ ಬರೋ ಉತ್ತರ ಸಮುದ್ರ, ರೈಲು, ಮೈಸೂರು ಅರಮನೆ. ನಮ್ಮ ಜಿಲ್ಲೆಯಲ್ಲಿ ರೈಲೇ ಇಲ್ಲ, ಆ ಆಸೆ ಸಹಜ.

ಉತ್ತರ 2 (ಘಾಟಿರಸ್ತೆ):

ಕಿತ್ತಳೆತೋಟ ಹೇಳಿದ್ದು ಸರಿ. ಸಮುದ್ರ ಮಾತ್ರ ಮೊದಲ ಪ್ರವಾಸಕ್ಕೆ ಬೇಡ ಅನ್ನೋದು ನನ್ನ ಅಭಿಪ್ರಾಯ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಹೊಳೆಯಲ್ಲಿ ಈಜುವವರಿಗೂ ಅಲೆ ಕಾಲ ಕೆಳಗಿನ ಮರಳು ಎಳೆಯೋದು ಗೊತ್ತಿರಲ್ಲ. 45 ಜನರನ್ನು ನೀರಿನ ಅಂಚಿನಲ್ಲಿ ಕಾಯಲು ಮೂರು ನಾಲ್ಕು ಕಾರ್ಯಕರ್ತರು ಸಾಲಲ್ಲ. ಸಮುದ್ರದ ದಾರಿಯ ಸಂಪಾಜೆ ಘಾಟಿಯಲ್ಲಿ ವಾಂತಿ ಬೇರೆ.

ಮೈಸೂರಿಗೆ ಭಾನುವಾರ–ಸೋಮವಾರ ಚೆನ್ನಾಗಿ ಕೂರುತ್ತೆ. ಭಾನುವಾರ ಬೆಳಿಗ್ಗೆ ಹೊರಟು ಮಧ್ಯಾಹ್ನ ಊಟ, ವಿಶ್ರಾಂತಿ, ಸಂಜೆ 7ಕ್ಕೆ ಅರಮನೆ ದೀಪ (ಭಾನುವಾರ ಮತ್ತು ಸರ್ಕಾರಿ ರಜೆಗಳಲ್ಲಿ ಹಚ್ಚುತ್ತಾರೆ). ಸೋಮವಾರ 8.30ಕ್ಕೆ ಮೃಗಾಲಯದ ಗೇಟು ತೆರೆಯುವಾಗಲೇ ಒಳಗೆ ಹೋಗಿ, ಬಿಸಿಲೇರುವ ಮೊದಲು ಮುಗಿಸಿ. ಒಂದು ದಿನ ಜಾರಿ ಮಂಗಳವಾರಕ್ಕೆ ಬಿದ್ದರೆ ಕೆಟ್ಟಿರಿ, ಮೃಗಾಲಯಕ್ಕೆ ವಾರದ ರಜೆ. ಆಮೇಲೆ ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಪ್ಯಾಸೆಂಜರ್ ರೈಲು. ಹತ್ತು ಹದಿನೈದು ಕಿಲೋಮೀಟರ್ ಅಷ್ಟೇ, ಆದರೆ ಮಕ್ಕಳು ನೆನಪಿಟ್ಟುಕೊಳ್ಳೋದು ಅದನ್ನೇ. ಖಾಲಿ ಬಸ್ಸನ್ನು ಮುಂದೆ ಕಳಿಸಿ ಶ್ರೀರಂಗಪಟ್ಟಣ ನಿಲ್ದಾಣದಲ್ಲಿ ನಿಲ್ಲಿಸಿ. ಸಣ್ಣ ನಿಲ್ದಾಣದಲ್ಲಿ ರೈಲು ಹೆಚ್ಚು ಹೊತ್ತು ನಿಲ್ಲಲ್ಲ. ಆದ್ದರಿಂದ ಹತ್ತರಂತೆ ಗುಂಪು ಮಾಡಿ, ಪ್ರತಿ ಗುಂಪಿಗೊಬ್ಬ ಮುಖ್ಯಸ್ಥ, ಎರಡು ಬೋಗಿಗಳ ನಾಲ್ಕು ಬಾಗಿಲು ಹಂಚಿಕೊಳ್ಳಿ. ಹಿಂದಿನ ನಿಲ್ದಾಣ ಬಿಟ್ಟ ತಕ್ಷಣ ಎದ್ದು ನಿಲ್ಲಿಸಿ, ಇಳಿದ ಮೇಲೆ ತಲೆ ಎಣಿಸಿ. ಶ್ರೀರಂಗಪಟ್ಟಣದ ನದಿ ಸಂಗಮದಲ್ಲಿ ನೀರಿಗಿಳಿಯೋದು ಬೇಡ.

ಬಸ್ಸು ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಸಾಂದರ್ಭಿಕ ಒಪ್ಪಂದದ ಮೇಲೆ (ಇಡೀ ಬಸ್ಸು ಬಾಡಿಗೆಗೆ) ತೆಗೆದುಕೊಳ್ಳಿ. ದಿನಕ್ಕೆ ಇಂತಿಷ್ಟು ಕನಿಷ್ಠ ಕಿಲೋಮೀಟರ್ ಅಂತ ಇರುತ್ತೆ, ಓಡದಿದ್ದರೂ ಅಷ್ಟು ಕಟ್ಟಬೇಕು. ಡಿಪೋದಿಂದ ನಿಮ್ಮ ಜಾಗಕ್ಕೆ ಬಂದು ಹೋಗುವ ದೂರವೂ ಲೆಕ್ಕಕ್ಕೆ ಸೇರುತ್ತೆ. ಮುಂಗಡ ಠೇವಣಿಗೆ ರಸೀದಿ ಇಟ್ಟುಕೊಳ್ಳಿ, ಉಳಿಕೆ ವಾಪಸ್ ಬರೋದು ತಡ. ಖಾಸಗಿಯಾದರೆ ಹಳದಿ ಬೋರ್ಡಿನದ್ದೇ ಆಗಿರಲಿ; ಪರ್ಮಿಟ್, ವಿಮೆ, ಎಫ್‌ಸಿ (ವಾಹನ ಸುಸ್ಥಿತಿ ಪ್ರಮಾಣಪತ್ರ) ಮೂರರ ಪ್ರತಿ ನೋಡದೆ ಮುಂಗಡ ಕೊಡಬೇಡಿ. ತೋಟದ ಪಿಕಪ್‌ನಲ್ಲಿ ಜನ ತುಂಬೋ ಅಭ್ಯಾಸ ಇಲ್ಲಿ ಇದೆಯಲ್ಲ, ಅದಕ್ಕೆ ವಿಮೆ ಒಂದು ಪೈಸೆಯೂ ಬರಲ್ಲ.

ಎಲ್ಲರೂ ಮರೆಯೋದು ಆನೆ. ದೊಡ್ಡ ಬಸ್ಸು ಲೈನ್‌ವರೆಗೆ ಬರಲ್ಲ. ಜನ ತೋಟದೊಳಗಿನ ರಸ್ತೆಯಲ್ಲಿ ಮುಖ್ಯರಸ್ತೆಗೆ ನಡೆದು ಬರ್ತಾರೆ. ಬೆಳಿಗ್ಗೆ 5ಕ್ಕೆ ಹೊರಡೋಣ ಅಂದರೆ 4.30ಕ್ಕೆ ಕತ್ತಲಲ್ಲಿ ಮಕ್ಕಳನ್ನು ಎತ್ತಿಕೊಂಡು ನಡೆಯಬೇಕು. ಹೊರಡೋದು 6.30ರ ಮೇಲೆ, ವಾಪಸ್ ಸಂಜೆ 6ರೊಳಗೆ. ತಡವಾಗುವ ಲಕ್ಷಣ ಕಂಡರೆ ಇಬ್ಬರು ಜೀಪಿನವರಿಗೆ ಮೊದಲೇ ಹೇಳಿಟ್ಟು ಲೈನ್ ಬಾಗಿಲಿಗೇ ಬಿಡಿಸಿ. ಆ ಬಾಡಿಗೆಯೂ ಬಜೆಟ್ಟಿನಲ್ಲಿರಲಿ. ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯ ಆರ್‌ಆರ್‌ಟಿಯವರನ್ನು (ಆನೆ ಬಂದಾಗ ಧಾವಿಸುವ ತಂಡ) ಅವತ್ತೇ ವಿಚಾರಿಸಿ.

ಊಟ: ಮೊದಲ ದಿನದ್ದು ಕಟ್ಟಿಕೊಂಡೇ ಹೋಗಿ. 45 ಜನಕ್ಕೆ ಉಪ್ಪಿಟ್ಟಿನ ರವೆ ಮೂರೂವರೆ ಕೆಜಿ, ಚಿತ್ರಾನ್ನಕ್ಕೆ ಅಕ್ಕಿ 5 ಕೆಜಿ. ಚಿತ್ರಾನ್ನವನ್ನು ಬಿಸಿಯಿರುವಾಗ ಡಬ್ಬಕ್ಕೆ ತುಂಬಿ ಮುಚ್ಚಿದರೆ ಏಪ್ರಿಲ್ ಸೆಕೆಗೆ ಮಧ್ಯಾಹ್ನದೊಳಗೆ ಹಳಸುತ್ತೆ, ಹರಡಿ ಪೂರ್ತಿ ಆರಿಸಿ ತುಂಬಿ. ತೆಂಗಿನಕಾಯಿ ಹಾಕಬೇಡಿ. ನೀರು ತಲೆಗೆ 3 ಲೀಟರ್, ಕ್ಯಾನ್‌ಗಳಲ್ಲಿ. ಸ್ಟೀಲ್ ಬಾಟಲಿ ಮಕ್ಕಳ ಕೈಯಲ್ಲೇ ಇರಲಿ.

ನೀರಿನ ವಿಷಯ ಸುಮ್ಮನೆ ಹೇಳಿದ್ದಲ್ಲ. ಯರವ, ಜೇನುಕುರುಬ ಸಮುದಾಯಗಳಲ್ಲಿ ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತದ ಕಾಯಿಲೆ ಇರುವವರು ಸಿಗುತ್ತಾರೆ. ಅಂಥವರಿಗೆ ಬಿಸಿಲಲ್ಲಿ ನೀರು ಕಡಿಮೆಯಾದರೆ ಕೈಕಾಲು, ಎದೆ ತೀವ್ರ ನೋವು ಶುರುವಾಗಬಹುದು. ಸಿಕಲ್ ಸೆಲ್ ತಪಾಸಣೆಯ ಕಾರ್ಡು ಇದ್ದವರು ಯಾರೆಂದು ಆಶಾ ಕಾರ್ಯಕರ್ತೆಯ ಮೂಲಕ, ಆ ಕುಟುಂಬದ ಒಪ್ಪಿಗೆಯಿಂದ ತಿಳಿದುಕೊಳ್ಳಿ. ನೋವು, ಜ್ವರ ಬಂದರೆ ಮಾತ್ರೆ ಕೊಟ್ಟು ಕಾಯೋದಲ್ಲ, ಸೀದಾ ಆಸ್ಪತ್ರೆ.

ಉತ್ತರ 3 (ಜಮಾಖರ್ಚು):

ಹಣದ ಮಾತು. ಕಂಪನಿ ಕಾಯ್ದೆ 2013ರ 135ನೇ ಕಲಂ ಪ್ರಕಾರ ಸಿಎಸ್‌ಆರ್ ಹಣ ಪಡೆಯಲು 12ಎ, 80ಜಿ ಇದ್ದರಷ್ಟೇ ಸಾಲದು. 2021ರ ಏಪ್ರಿಲ್ 1ರಿಂದ ಸಿಎಸ್‌ಆರ್-1 ನಮೂನೆ ತುಂಬಿ ನೋಂದಣಿ ಸಂಖ್ಯೆ ಪಡೆಯಬೇಕು. ಇಲ್ಲದಿದ್ದರೆ ಕಂಪನಿಯ ಲೆಕ್ಕಪತ್ರದವರು ಕಡತವನ್ನೇ ಮುಟ್ಟಲ್ಲ.

ದೊಡ್ಡ ತೊಡಕು ಬೇರೆ ಇದೆ. ಕಂಪನಿ ತನ್ನ ನೌಕರರಿಗಾಗಿಯೇ ಮಾಡುವ ಖರ್ಚು ಸಿಎಸ್‌ಆರ್ ಆಗಲ್ಲ. ಸಾರ್ವಜನಿಕರಿಗೆ ಮಾಡಿದ ಕಾರ್ಯಕ್ರಮದಲ್ಲಿ ನೌಕರರಿಗೂ ಅಷ್ಟೋ ಇಷ್ಟೋ ಸಿಕ್ಕಿದರೆ ತಕರಾರಿಲ್ಲ, ಆದರೆ ಅರ್ಧ ಬಸ್ಸು ಅವರದೇ ತೋಟದವರಾದರೆ ಲೆಕ್ಕಪರಿಶೋಧಕರು ಕೇಳಿಯೇ ಕೇಳ್ತಾರೆ. ಬಗೆಹರಿಸೋದು ಸುಲಭ: ತಮ್ಮ ಕಾರ್ಮಿಕರ ಪಾಲನ್ನು ಕಂಪನಿ ಕಾರ್ಮಿಕ ಕಲ್ಯಾಣದ ಖರ್ಚಿನಲ್ಲಿ ಹಾಕಲಿ, ಉಳಿದವರದ್ದು ಸಿಎಸ್‌ಆರ್ ಮತ್ತು ದಾನಿಗಳಿಂದ. ಬಸ್ಸು ಒಂದೇ, ಲೆಕ್ಕ ಎರಡು.

ಎರಡನೇದು, ಒಮ್ಮೆ ನಡೆದು ಮುಗಿಯುವ ಕಾರ್ಯಕ್ರಮಗಳು ಸಿಎಸ್‌ಆರ್‌ಗೆ ಬರಲ್ಲ ಅಂತ 2014ರ ಸುತ್ತೋಲೆಯೇ ಹೇಳಿದೆ. ಬರೀ "ಪ್ರವಾಸ" ಅಂತ ಅರ್ಜಿ ಕೊಟ್ಟರೆ ತಿರಸ್ಕಾರ. ಶಾಲೆ ಬಿಟ್ಟ ಯುವಕರನ್ನು ತರಬೇತಿಗೆ ಅಥವಾ ಶಾಲೆಗೆ ಮರಳಿಸುವ ವರ್ಷದ ಕೆಲಸ ನೀವು ನಿಜಕ್ಕೂ ಮಾಡುತ್ತಿದ್ದರೆ, ಅದರ ಒಂದು ಭಾಗವಾಗಿ ಪ್ರವಾಸ ಬರೆಯಿರಿ. ಮಾಡದಿದ್ದರೆ ಬರೆಯಬೇಡಿ, ವರ್ಷದ ಕೊನೆಗೆ ವಿನಿಯೋಗ ಪ್ರಮಾಣಪತ್ರ ಕೊಡುವಾಗ ಸಿಕ್ಕಿಬೀಳ್ತೀರಿ.

ನಗದು: ಒಬ್ಬರಿಗೆ ಒಂದು ದಿನಕ್ಕೆ 10,000 ರೂಪಾಯಿ ಮೀರಿ ಕೊಡಬೇಡಿ. ದಾನಿ ನಗದು ಕೊಟ್ಟರೆ 2,000 ರೂಪಾಯಿ ಮೇಲಿನದ್ದಕ್ಕೆ 80ಜಿ ವಿನಾಯಿತಿ ಇಲ್ಲ, ಬ್ಯಾಂಕಿಗೇ ಹಾಕಿಸಿ. ದಿನಭತ್ಯೆಗೆ ಹೆಸರು, ಮೊತ್ತ, ಸಹಿ ಅಥವಾ ಹೆಬ್ಬೆಟ್ಟು ಇರುವ ಪಟ್ಟಿ ಮಾಡಿ, ಅದನ್ನು "ಇತರೆ ಖರ್ಚು" ಅಂತ ಮರೆಮಾಚಬೇಡಿ. ದಾನಿಯಿಂದ ಆ ಸಾಲಿಗೆ ಮೊದಲೇ ಲಿಖಿತ ಒಪ್ಪಿಗೆ ಇರಲಿ. ಒಟ್ಟಿನ ಮೇಲೆ ಶೇ 10 ತುರ್ತು ಖರ್ಚಿಗೆ.

ಬಾಣೆಮರ:

ತುಂಬಾ ಉಪಕಾರ. ಇನ್ನೆರಡು. ಹೆಂಗಸರಿಗೆ ಶಕ್ತಿ ಯೋಜನೆ ಇದೆಯಲ್ಲ, ಒಪ್ಪಂದದ ಬಸ್ಸು ಬಿಟ್ಟು ಮಾಮೂಲಿ ಬಸ್ಸಲ್ಲೇ ಹೋದರೆ ಉಳಿತಾಯ ಅಲ್ಲವಾ? ಒಬ್ಬ ದಾನಿ ಬಸ್ಸಿಗೆ ತಮ್ಮ ಹೆಸರಿನ ಬ್ಯಾನರ್, ಮಕ್ಕಳ ಫೋಟೊ ಕೇಳ್ತಿದ್ದಾರೆ.

ಘಾಟಿರಸ್ತೆ:

ಶಕ್ತಿ ಒಪ್ಪಂದದ ಬಸ್ಸಿಗೆ ಅನ್ವಯಿಸಲ್ಲ, ಮಾಮೂಲಿ ಬಸ್ಸಿಗೆ ಮಾತ್ರ. ರಾಜಹಂಸ, ಎಸಿ ಬಸ್ಸಿಗೂ ಇಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಬೇಕು, ಆದ್ದರಿಂದ ಅಸ್ಸಾಂ ವಿಳಾಸದ ಆಧಾರ್ ಇರುವ ಹೆಂಗಸರು ಪೂರ್ತಿ ಟಿಕೆಟ್ ತೆಗೆಯಬೇಕು. ಕೆಎಸ್‌ಆರ್‌ಟಿಸಿಯಲ್ಲಿ ಅರ್ಧ ಸೀಟು ಗಂಡಸರಿಗೆ ಮೀಸಲು. 45 ಜನ ಒಂದೇ ಬಸ್ಸಿಗೆ ಹತ್ತೋದು ಆಗದ ಮಾತು, ಮೂರು ಬಸ್ಸಿಗೆ ಹಂಚಿಹೋಗ್ತೀರಿ. 15 ಜನದೊಳಗಿನ ತಂಡಕ್ಕೆ ಸರಿ, ನಿಮಗಲ್ಲ.

ಕಿತ್ತಳೆತೋಟ:

ಬ್ಯಾನರ್ ಬೇಡ ಅಂತ ನೇರವಾಗಿ ಹೇಳಿ. ದಾನದ ಬಸ್ಸಿನಲ್ಲಿ ಬಂದವರು ಅಂತ ಮೈಸೂರಿನ ರಸ್ತೆಯಲ್ಲೆಲ್ಲ ತೋರಿಸಿಕೊಂಡು ಓಡಾಡೋದಕ್ಕೆ ಯಾರು ಬರ್ತಾರೆ? ದಾನಿಗೆ ಖರ್ಚಿನ ವಿವರ ಮತ್ತು ಮುಖ ಕಾಣದ ಎರಡು ಫೋಟೊ ಸಾಕು. ಅದಕ್ಕೂ ತಂದೆತಾಯಿಯ ಒಪ್ಪಿಗೆ ಅವರಿಗೆ ಗೊತ್ತಾಗುವ ಭಾಷೆಯಲ್ಲಿ ಕೇಳಿ. ಫೋಟೊ ಬೇಡ ಅಂದವರನ್ನು ಪ್ರವಾಸದಿಂದ ಕೈಬಿಡಬೇಡಿ.

ಆ ಎಂಟು ಯುವಕ ಯುವತಿಯರನ್ನು ಕುಟುಂಬಗಳ ಜೊತೆ ಸೇರಿಸಿದರೆ ಎರಡು ದಿನವೂ ತಮ್ಮಂದಿರನ್ನು ಎತ್ತಿಕೊಂಡು ತಿರುಗೋದೇ ಆಗುತ್ತೆ. ಅವರಿಗೆ ಬೇರೆಯೇ ಯೋಚಿಸಿ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಶಿಬಿರಗಳನ್ನು ನಡೆಸುತ್ತೆ, ಮಡಿಕೇರಿಯ ಇಲಾಖಾ ಕಚೇರಿಯಲ್ಲಿ ವಿಚಾರಿಸಿ. ಐಟಿಡಿಪಿ (ಸಮಗ್ರ ಗಿರಿಜನ ಅಭಿವೃದ್ಧಿ ಯೋಜನೆ) ಕಚೇರಿಯೂ ಮಡಿಕೇರಿಯಲ್ಲೇ ಇದೆ, ಒಂದೇ ದಿನ ಎರಡೂ ಮುಗಿಯುತ್ತೆ. ಶಾಲೆಯಲ್ಲಿರುವ ಮಕ್ಕಳಿಗಾದರೆ ಅರಣ್ಯ ಇಲಾಖೆಯ ಚಿಣ್ಣರ ವನದರ್ಶನ ಇದೆ, ಅದಕ್ಕೆ ಮುಖ್ಯಶಿಕ್ಷಕರ ಮೂಲಕ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ರಾತ್ರಿ ತಂಗುವ ಕಡೆ ಕುಟುಂಬಕ್ಕೊಂದು ಕೋಣೆ ಆಗದಿದ್ದರೆ ಹೆಂಗಸರು ಮಕ್ಕಳಿಗೆ ಒಂದು ಹಾಲ್, ಗಂಡಸರಿಗೆ ಒಂದು. ರಜೆಯಲ್ಲಿ ಖಾಲಿ ಇರುವ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಕೇಳಬಹುದು, ಅನುಮತಿ ವಾರ್ಡನ್ ಬಾಯಿಮಾತಲ್ಲ, ಜಿಲ್ಲಾ ಅಧಿಕಾರಿಯ ಪತ್ರ. ಮೊದಲೇ ಒಬ್ಬರು ಹೋಗಿ ಶೌಚಾಲಯದ ಚಿಲಕ, ನಲ್ಲಿ ನೀರು, ರಾತ್ರಿ ದೀಪ ನೋಡಿ ಬರಲಿ. ಜೊತೆಗೆ ಬರುವ ಸ್ವಯಂಸೇವಕರ ಪೊಲೀಸ್ ಪರಿಶೀಲನೆಗೆ ಈಗಲೇ ಅರ್ಜಿ ಹಾಕಿ, ಏಪ್ರಿಲ್‌ಗೆ ಹಾಕಿದರೆ ಏಪ್ರಿಲ್‌ಗೆ ಬರಲ್ಲ.