ಯಕ್ಷಗಾನದ ಡಿವಿಡಿಗಳು: ಫೈಲ್ ಚಿಕ್ಕದು ಮಾಡುವುದು ಹೇಗೆ?

ಪ್ರಶ್ನೆ, ಕುಂಬಳೆಯಿಂದ:
ಅಪ್ಪ ಕೂಡಿಟ್ಟ ಬಯಲಾಟದ ಡಿವಿಡಿಗಳನ್ನೆಲ್ಲ ಕಂಪ್ಯೂಟರಿಗೆ ರಿಪ್ (ನಕಲು) ಮಾಡಿದ್ದೇನೆ. ಒಂದೊಂದೂ 4 ಜಿಬಿ ದಾಟುತ್ತದೆ, ಹಾರ್ಡ್ ಡಿಸ್ಕ್ ತುಂಬುತ್ತಾ ಬಂತು. ಚೆಂಡೆಯ ಸದ್ದು ಮಾತ್ರ ಕೆಡಬಾರದು. ಏನು ಮಾಡಲಿ?

ಉತ್ತರ, ಮಂಜೇಶ್ವರದಿಂದ:
ಹ್ಯಾಂಡ್‌ಬ್ರೇಕ್ ಅನ್ನುವ ವಿಡಿಯೊ ಬದಲಿಸುವ ಸಾಫ್ಟ್‌ವೇರ್ ಬಳಸಿ ಅಣ್ಣ. ಡಿವಿಡಿಯಲ್ಲಿರುವುದು ಹಳೆಯ ಎಂಪೆಗ್-2 ವಿಡಿಯೊ ಫಾರ್ಮ್ಯಾಟ್. ಅದಕ್ಕಿಂತ ಹೊಸದಾದ ಎಚ್.264ಗೆ ಬದಲಿಸಿದರೆ ತುಂಬಾ ಜಾಗ ಉಳಿಯುತ್ತದೆ. ಆರ್‌ಎಫ್ (ಚಿತ್ರದ ಗುಣಮಟ್ಟದ ಸಂಖ್ಯೆ) 18 ಇಡಿ. ಸಂಖ್ಯೆ ಇಳಿದಷ್ಟೂ ಚಿತ್ರ ಚೆನ್ನ, ಫೈಲೂ ದೊಡ್ಡದು. ಆಡಿಯೊ ಪಾಸ್‌ಥ್ರೂ ಮಾಡಿ, ಅಂದರೆ ಬದಲಿಸದೆ ನಕಲಿಸಿ, ಚೆಂಡೆ ಇದ್ದ ಹಾಗೇ ಬರುತ್ತದೆ. ಡಿವಿಡಿಯ 576 ಸಾಲಿನ ಚಿತ್ರವನ್ನು ಸುಮ್ನೆ 1080ಕ್ಕೆ ಹಿಗ್ಗಿಸಬೇಡಿ.

ಉತ್ತರ, ಬದಿಯಡ್ಕದಿಂದ:
ಡೀಇಂಟರ್‌ಲೇಸ್ (ಒಂದು ಬಿಟ್ಟು ಒಂದು ಸಾಲಾಗಿ ದಾಖಲಾದ ಚಿತ್ರವನ್ನು ಪೂರ್ತಿ ಮಾಡುವುದು) ಮರೆಯಬೇಡಿ. ವೇಷ ಧಿಗಿಣ (ಸುತ್ತಿ ಹಾರುವ ಕುಣಿತ) ಹಾಕುವಾಗ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಕಾಣುತ್ತದೆ ಅಲ್ವಾ, ಅದು ಹೋಗುತ್ತದೆ. ಅದರಲ್ಲಿ ಬಾಬ್ ಎಂಬ ವಿಧಾನ ಆರಿಸಿದರೆ ಸೆಕೆಂಡಿಗೆ 50 ಫ್ರೇಮ್, ಕುಣಿತ ನಯವಾಗಿರುತ್ತದೆ. ಆದರೆ ಬೇರೆಲ್ಲೂ ಸಿಗದ ಆಟಗಳ ರಿಪ್ ಅಳಿಸಬೇಡಿ. ಮತ್ತೆ ಎನ್‌ಕೋಡ್ ಮಾಡಿದರೆ (ಹೀಗೆ ಬೇರೆ ಫಾರ್ಮ್ಯಾಟ್‌ಗೆ ಬದಲಿಸಿದರೆ) ಗುಣಮಟ್ಟ ಸ್ವಲ್ಪವಾದರೂ ಕಳೆಯುತ್ತದೆ.